ಕಡಲ ಮೋಡ ಮಳೆಮೋಡವಾಗುವ ಬಗೆ

ಮುಂಗಾರಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೈತರು ಪಡುವಣದಿಂದ ಮೋಡಗಳು ಸಾಲುಸಾಲಾಗಿ ಬರುವುದನ್ನು ಕಾಣುತ್ತಾರೆ. ಆದರೆ ಮೋಡ ಕವಿದಾಗಲೆಲ್ಲ ಮಳೆಯಾಗುವುದಿಲ್ಲ. ಇದರ ಕಾರಣ ತಿಳಿಯಲು ಅರಬ್ಬೀ ಸಮುದ್ರದಿಂದಲೇ ಆರಂಭಿಸಬೇಕು.

ಮೋಡದ ಬೆಳವಣಿಗೆ

ಕಡಲ ನೀರು ಆವಿಯಾಗಿ ಗಾಳಿಯೊಡನೆ ಮೇಲೇರುತ್ತದೆ. ಮೇಲೇರಿದಂತೆ ಗಾಳಿ ತಣಿದು, ಆವಿ ಸಣ್ಣ ಹನಿಗಳಾಗಿ ಮೋಡವಾಗುತ್ತದೆ. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಸುಮಾರು 2,500 ಕಿಲೋಜೌಲ್ ಶಾಖ ಹೊರಬೀಳುತ್ತದೆ. ಈ ಶಾಖವೇ ಮೋಡವನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ. ಆದರೆ ಸುತ್ತಲಿನ ಗಾಳಿ ಒಣಗಿದ್ದರೆ ಅದು ಮೋಡದಲ್ಲಿ ಬೆರೆತು, ಹನಿಗಳನ್ನು ಆರಿಸಿ, ಮೋಡವನ್ನು ತಂಪುಗೊಳಿಸುತ್ತದೆ. ಅಂಥ ಮೋಡ ಸುಮಾರು 2 ಕಿ.ಮೀ. ಎತ್ತರದಲ್ಲೇ ಕರಗಿಬಿಡುತ್ತದೆ.

ಕರಗಿದ ಮೋಡ ವ್ಯರ್ಥವಲ್ಲ. ಅದರ ತೇವ ಗಾಳಿಯಲ್ಲಿ ಉಳಿಯುತ್ತದೆ. ಬಾಯಿಬಿಟ್ಟ ಎರೆ ಭೂಮಿ ಮೊದಲ ಮಳೆಯನ್ನು ಕುಡಿದ ಮೇಲೆಯೇ ಹಳ್ಳ ಹರಿಯುವುದಷ್ಟೆ? ಇಲ್ಲಿಯೂ ಹಾಗೆಯೇ. ಹಲವು ಸಣ್ಣ ಮೋಡಗಳ ತೇವಕ್ಕೆ ದೂರದಿಂದ ಬೀಸಿ ಬಂದ ತೇವವೂ ಸೇರಿದಾಗ, ಮುಂದಿನ ಮೋಡಗಳು ಒಣಗಾಳಿಯ ತಡೆಯಿಲ್ಲದೆ ಬೆಳೆಯುತ್ತವೆ. ಅವು 5 ಕಿ.ಮೀ. ಸುಮಾರಿನ ಹಿಮಗಟ್ಟುವ ಮಟ್ಟವನ್ನು ದಾಟಿ 12ರಿಂದ 15 ಕಿ.ಮೀ. ಎತ್ತರಕ್ಕೇರಿ ರಭಸದ ಮಳೆ ಸುರಿಸುತ್ತವೆ. 2011-12ರಲ್ಲಿ ವಿಜ್ಞಾನಿಗಳು ಹಿಂದೂ ಮಹಾಸಾಗರದ ಮಾಲ್ಡೀವ್ಸ್ ದ್ವೀಪಗಳಲ್ಲಿ ರಾಡಾರುಗಳನ್ನಿರಿಸಿ ಈ ಬೆಳವಣಿಗೆಯನ್ನು ಅಭ್ಯಾಸ ಮಾಡಿದರು.

ಘಟ್ಟದ ಆಚೆ, ಈಚೆ

ತೇವಗಾಳಿ ಸಹ್ಯಾದ್ರಿಗೆ ತಾಗಿ ಬಲವಂತವಾಗಿ ಮೇಲೇರುವುದರಿಂದ ಅಲ್ಲಿ ಎತ್ತರ ಬೆಳೆಯದ ಮೋಡಗಳೂ ಮಳೆ ಕೊಡುತ್ತವೆ. ಘಟ್ಟದ ಈಚೆ ಗಾಳಿ ಕೆಳಗಿಳಿದು ಬಿಸಿಯೇರುವುದರಿಂದ ಮೋಡಗಳು ಕರಗುತ್ತವೆ. ಆದ್ದರಿಂದಲೇ ಘಟಪ್ರಭೆಯ ಉಗಮದ ಕಡೆಯ ಆಂಬೋಲಿಯಲ್ಲಿ ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆಯಾದರೆ, ಗೋಕಾಕದಲ್ಲಿ 600 ಮಿ.ಮೀ. ಆಸುಪಾಸು ಮಾತ್ರ.

ರೈತರು ಗಮನಿಸಬೇಕಾದುದು

ಮೋಡ ನೋಡಿ ಬಿತ್ತದೆ, ಮಣ್ಣಿನ ಹಸಿ ನೋಡಿ ಬಿತ್ತುವುದು ಕ್ಷೇಮ. ಆದರೆ ಹೊಲದಲ್ಲಿ ಮಳೆಯಿಲ್ಲವೆಂದು ಹೊಳೆದಂಡೆಯವರು ನಿಶ್ಚಿಂತರಾಗಿರಬಾರದು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಯಿಂದ ಘಟಪ್ರಭೆ ಉಕ್ಕಿ, ಗೋಕಾಕ ಪಟ್ಟಣಕ್ಕೂ ಹೊಳೆಸಾಲಿನ ಹಳ್ಳಿಗಳಿಗೂ ನೀರು ನುಗ್ಗಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿದ ಮೇಲೆ ಬಂದ ನೀರನ್ನು ಕೆಳಗೆ ಬಿಡಲೇಬೇಕಾಗುತ್ತದೆ. ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರುತ್ತದೆ. ಆದುದರಿಂದ ಘಟ್ಟದ ಮಳೆ ಹಾಗೂ ಜಲಾಶಯದಿಂದ ಬಿಡುವ ನೀರಿನ ವರದಿಗಳನ್ನು ದಿನವೂ ಕೇಳಿ, ದನಕರುಗಳನ್ನೂ ಪಂಪುಸೆಟ್ಟುಗಳನ್ನೂ ಮೊದಲೇ ಎತ್ತರದ ಜಾಗಕ್ಕೆ ಸಾಗಿಸಬೇಕು.