ಮೋವರ್ ಕೊಳ್ಳುವ ಮೊದಲು ಗುಂಟೆ ಲೆಕ್ಕ ಹಾಕು

ಪುಟ್ಟಾ, ಮನೆಯ ಕೀಲಿ ಕೈಗೆ ಬಂತು ಎಂದು ನೀನು ಹೇಳಿದಾಗ ಖುಷಿಯಾಯಿತು. ಆ ಮಾತಿನ ಬೆನ್ನಿಗೇ ‘ದೊಡ್ಡಮ್ಮ, ಗ್ಯಾಸ್ ಮೋವರ್ ತಗೊಳ್ಳೋದೋ, ಬ್ಯಾಟರಿದೋ?’ ಎಂದು ಕೇಳಿದೆಯಲ್ಲ, ಆಗ ನಗು ಬಂತು. ಮೂವತ್ತು ವರ್ಷದ ಹಿಂದೆ ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯವರು ತಮ್ಮದು ಗ್ಯಾಸ್ ಮೋವರ್ ಎಂದಾಗ, ಸಿಲಿಂಡರ್ ಎಲ್ಲಿ ಕಟ್ಟಿದ್ದಾರೆ ಎಂದು ನಾನು ಬಗ್ಗಿ ನೋಡಿದ್ದೆ. ಇಲ್ಲಿಯವರ ಬಾಯಲ್ಲಿ ಪೆಟ್ರೋಲೇ ಗ್ಯಾಸ್ ಎಂದು ಗೊತ್ತಾಗಲು ಒಂದು ವಾರ ಹಿಡಿಯಿತು. ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪೆಟ್ರೋಲ್ ಮಷೀನು ತಳ್ಳಿದ್ದೇನೆ, ಈಗ ಆರು ಬೇಸಿಗೆಯಿಂದ ಬ್ಯಾಟರಿಯದ್ದು. ಆ ಲೆಕ್ಕದಲ್ಲಿ ನಿನಗೆ ಎರಡು ಮಾತು ಹೇಳುವ ಹಕ್ಕು ನನಗಿದೆ.

ಮಷೀನಿನ ಮಾತು ಆಮೇಲೆ. ಮೊದಲು ಜಾಗ ಅಳೆ. ನಿನ್ನ ಮನೆಯ ಕಾಗದದಲ್ಲಿ ಕಾಲು ಎಕರೆ ಎಂದಿದೆ ಅಂದೆ. ನಮ್ಮ ಲೆಕ್ಕದಲ್ಲಿ ಅದು ಹತ್ತು ಗುಂಟೆ, 10,890 ಚದರಡಿ. ಊರಿನಲ್ಲಿ ಹತ್ತು ಗುಂಟೆ ಗದ್ದೆ ಇದ್ದವನಿಗೆ ಯಾರೂ ಮಣೆ ಹಾಕುವುದಿಲ್ಲ. ಇಲ್ಲಿ ಅಷ್ಟೇ ಜಾಗ ಏಪ್ರಿಲ್‌ನಿಂದ ನವೆಂಬರ್‌ವರೆಗೆ ನಿನ್ನ ಶನಿವಾರಗಳನ್ನು ನುಂಗುತ್ತದೆ. ಆದರೆ ಹತ್ತೂ ಗುಂಟೆ ಹುಲ್ಲಲ್ಲ. ಮನೆ ಕೂತ ಜಾಗ, ಕಾರು ನಿಲ್ಲಿಸುವ ದಾರಿ, ಹಿಂದಿನ ಡೆಕ್ಕು, ಮರದ ಬುಡ ಎಲ್ಲ ಕಳೆದರೆ ಐದೋ ಆರೋ ಗುಂಟೆ ಉಳಿದೀತು. ಅಂಗಡಿಯವನು ಪೂರ್ತಿ ಕಾಲು ಎಕರೆಗೆ ಲೆಕ್ಕ ಹಾಕಿ ದೊಡ್ಡ ಮಷೀನು ತೋರಿಸುತ್ತಾನೆ. ನೀನು ಉಳಿದ ಆರು ಗುಂಟೆಗೆ ಮಾತ್ರ ಕೊಳ್ಳು.

ಪೆಟ್ರೋಲ್ ಮೋವರಿನ ವಿಷಯಕ್ಕೆ ಬಂದರೆ, ಎಲ್ಲರೂ ಪೆಟ್ರೋಲಿನ ಖರ್ಚು ಹೇಳುತ್ತಾರೆ. ಅದು ದೊಡ್ಡ ಮಾತೇ ಅಲ್ಲ. ಒಂದು ಗ್ಯಾಲನ್ ಹಾಕಿದರೆ ನಮ್ಮ ಅಂಗಳ ಮೂರು ನಾಲ್ಕು ಸಲ ಹೊಡೆಯಬಹುದಿತ್ತು. ಇಡೀ ವರ್ಷಕ್ಕೆ ಒಂದು ಹೋಟೆಲ್ ಊಟದ ದುಡ್ಡು. ತೊಂದರೆ ಇರುವುದು ಉಳಿದುಹೋದ ಪೆಟ್ರೋಲಿನಲ್ಲಿ. ಇಲ್ಲಿಯ ಪೆಟ್ರೋಲಿಗೆ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಬೆರೆಸಿರುತ್ತಾರೆ. ಅದು ಗಾಳಿಯ ಪಸೆ ಹೀರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಪೆಟ್ರೋಲು ಕೆಟ್ಟು ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳಲ್ಲಿ ಅಂಟಾಗಿ ಕೂರುತ್ತದೆ.

ನಮಗೆ ಅದರ ಪಾಠ ಆದದ್ದು ಒಂದು ಏಪ್ರಿಲ್‌ನಲ್ಲಿ. ಹಿಂದಿನ ನವೆಂಬರ್‌ನಲ್ಲಿ ಟ್ಯಾಂಕ್ ಖಾಲಿ ಮಾಡದೆ ಮೂಲೆಗೆ ತಳ್ಳಿದ್ದ ಮಷೀನು. ನಿನ್ನ ದೊಡ್ಡಪ್ಪ ಹಗ್ಗ ಎಳೆದರು, ಎಳೆದರು, ಇಪ್ಪತ್ತು ಸಲ ಎಳೆದರು. ಒಮ್ಮೆ ಕೆಮ್ಮಿತು, ಅಷ್ಟೇ. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ಹಳೆಯ ವಾರ್ನಿಶ್ ವಾಸನೆ. ತಳದಲ್ಲಿ ಕಾಕಂಬಿಯಂತೆ ಒಂದು ಗಸಿ. ರಿಪೇರಿಯವನು ನೂರು ಡಾಲರ್‌ನ ಹತ್ತಿರ ತೆಗೆದುಕೊಂಡ, ಮೂರು ವಾರ ಕಾಯಿಸಿದ. ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂತು, ಟೌನ್‌ಶಿಪ್‌ನಿಂದ ನೋಟೀಸೂ ಬಂತು. ದೊಡ್ಡಪ್ಪನ ಭುಜ ಮಾತ್ರ ಮೊದಲಿನಂತೆ ಆಗಲೇ ಇಲ್ಲ. ಅಂದಿನಿಂದ ಮಷೀನು ನನ್ನ ಪಾಲಿಗೆ ಬಂತು.

ಹಾಗೆಂದು ಪೆಟ್ರೋಲ್ ಮಷೀನನ್ನು ಬೈಯುವುದಿಲ್ಲ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಪ್ಲಗ್ಗೂ ಫಿಲ್ಟರೂ ನೋಡಿಕೊಂಡು, ಚಳಿಗಾಲಕ್ಕೆ ಮುಂಚೆ ಪೆಟ್ರೋಲ್ ಪೂರ್ತಿ ಉರಿಸಿ ನಿಲ್ಲಿಸುವ ಶಿಸ್ತು ಇದ್ದವರಿಗೆ ಅದು ಹದಿನೈದು ವರ್ಷ ದುಡಿಯುತ್ತದೆ. ನೀನು ಆ ಪೈಕಿಯೋ? ನಿನ್ನ ಕಾರಿನ ಆಯಿಲ್ ಲೈಟು ಎರಡು ತಿಂಗಳಿಂದ ಉರಿಯುತ್ತಿದೆ ಎಂದು ನಿನ್ನ ಹೆಂಡತಿ ನನ್ನ ಹತ್ತಿರ ಹೇಳಿದ್ದಾಳೆ. ಇನ್ನೊಂದು ತಾಪತ್ರಯವೂ ಉಂಟು. ನಮ್ಮ ರಾಜ್ಯದಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ, ಬಂಕಿನ ಹುಡುಗನೇ ಬಂದು ಹಾಕಬೇಕು. ಕೆಂಪು ಕ್ಯಾನು ಹಿಡಿದು ಸರದಿಯಲ್ಲಿ ನಿಂತು ತುಂಬಿಸಿಕೊಂಡು ತಂದರೆ ಡಿಕ್ಕಿಯ ವಾಸನೆ ಎರಡು ದಿನ ಹೋಗುವುದಿಲ್ಲ.

ಸದ್ದಿನದ್ದು ಬೇರೆ ಕಥೆ. ಪೆಟ್ರೋಲ್ ಮಷೀನು ತಳ್ಳುವವರ ಕಿವಿಗೆ ಹೆಚ್ಚುಕಡಿಮೆ 90 ಡೆಸಿಬಲ್ ಬಡಿಯುತ್ತದೆ. 85 ದಾಟಿದರೆ ಕಿವಿಗೆ ಮುಚ್ಚಳ ಬೇಕು ಎನ್ನುತ್ತಾರೆ. ಹೊಗೆಯ ಲೆಕ್ಕ ಕೇಳಿದರೆ ಇನ್ನೂ ಗಾಬರಿ. ಗುತ್ತಿಗೆಯವರು ಬಳಸುವಂಥ ಪೆಟ್ರೋಲ್ ಮೋವರ್ ಒಂದು ಗಂಟೆ ಓಡಿದರೆ, 2017ರ ಟೊಯೋಟಾ ಕ್ಯಾಮ್ರಿಯನ್ನು ಸುಮಾರು 300 ಮೈಲಿ ಓಡಿಸಿದಷ್ಟು ಹೊಗೆಮಂಜಿನ ಮಾಲಿನ್ಯ ಬರುತ್ತದೆ ಎಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿಯವರೇ ಲೆಕ್ಕ ಕೊಟ್ಟಿದ್ದಾರೆ. ಇಷ್ಟು ಸಣ್ಣ ಎಂಜಿನ್ನಿಗೆ ಕಾರಿನಷ್ಟು ಹೊಗೆ ಶುದ್ಧಿ ಮಾಡುವ ಏರ್ಪಾಡು ಇಲ್ಲದ್ದೇ ಕಾರಣ. ಆ ರಾಜ್ಯದಲ್ಲಿ 2024ನೇ ಮಾಡೆಲ್ ವರ್ಷದಿಂದ ಹೊಸ ಮೋವರುಗಳು ಹೊಗೆಯಿಲ್ಲದವೇ ಆಗಬೇಕೆಂದು ನಿಯಮ ಬಂದಿದೆ. ಮನೆಯಲ್ಲಿರುವ ಹಳೆಯದನ್ನು ಬಳಸಲು ಅಡ್ಡಿಯಿಲ್ಲ.

ಇನ್ನು ಬ್ಯಾಟರಿಯದ್ದು. ಗುಂಡಿ ಒತ್ತಿ ಹಿಡಿ ಅದುಮಿದರೆ ಮುಗಿಯಿತು. ಹಗ್ಗವಿಲ್ಲ, ಆಯಿಲ್ ಇಲ್ಲ. ಹಿಡಿ ಮಡಚಿ ಗೋಡೆಗೆ ನಿಲ್ಲಿಸಬಹುದು. ಆದರೆ ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ವೋಲ್ಟೇಜಿಗೆ ಮರುಳಾಗಬೇಡ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸು, ಬಂದ ವಾಟ್-ಅವರ್ ನಿಜವಾದ ಹೊಟ್ಟೆ. 56 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 280. ಅದೇ 56 ವೋಲ್ಟಿನ 2.5 ಆದರೆ 140. ಒಂದೇ ಮೋವರ್, ಹೊಟ್ಟೆ ಅರ್ಧ.

ಇದನ್ನು ನಾನು ಕಲಿತದ್ದು ಗಣೇಶನ ಹಬ್ಬದ ದಿನ. ಬೆಲೆ ಕಡಿಮೆ ಎಂದು ಚಿಕ್ಕ ಬ್ಯಾಟರಿಯ ಮಷೀನು ತಂದಿದ್ದೆ. ಸಂಜೆ ಇಪ್ಪತ್ತು ಜನ ಊಟಕ್ಕೆ ಬರುವವರಿದ್ದರು. ಒಳಗೆ ಕಡುಬಿನ ಹಿಟ್ಟು ಆರುತ್ತಿತ್ತು, ಬೇಗ ಮುಗಿಸೋಣ ಎಂದು ಹೊರಗೆ ಬಂದೆ. ಹಿಂದಿನ ರಾತ್ರಿ ಮಳೆ ಬಂದು ಹುಲ್ಲು ತೊಯ್ದಿತ್ತು. ತೊಯ್ದ ಹುಲ್ಲು ಕತ್ತರಿಸಲು ಬ್ಯಾಟರಿ ಎಷ್ಟು ತಿನ್ನುತ್ತದೆ ಎಂದು ಆಗ ನನಗೆ ತಿಳಿಯದು. ಹದಿನೈದೇ ನಿಮಿಷಕ್ಕೆ ನಿಂತಿತು. ಮತ್ತೆ ಚಾರ್ಜ್ ಆಗಲು ಮುಕ್ಕಾಲು ಗಂಟೆ. ಅಂದು ಬಂದವರೆಲ್ಲ ಅರ್ಧ ಕ್ಷೌರವಾದ ಅಂಗಳವನ್ನು ದಾಟಿಕೊಂಡೇ ಗಣಪತಿಯ ದರ್ಶನಕ್ಕೆ ಒಳಗೆ ಬಂದರು. ಆರು ಗುಂಟೆಗೆ 280ಕ್ಕಿಂತ ಕಡಿಮೆ ಬೇಡ. ನೂಕದೆ ತಾನೇ ಓಡುವ ಮಾದರಿಯಾದರೆ ಇನ್ನೂ ಸ್ವಲ್ಪ ಹೆಚ್ಚೇ ಇರಲಿ; ಚಕ್ರ ತಿರುಗಿಸುವುದೂ ಅದೇ ಬ್ಯಾಟರಿ ತಾನೇ.

ಇಲ್ಲಿ ಒಂದು ಗುಟ್ಟು ಹೇಳುತ್ತೇನೆ. ನೀನು ಕೊಳ್ಳುತ್ತಿರುವುದು ಮೋವರನ್ನಲ್ಲ, ಬ್ಯಾಟರಿಯನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷೀನಿಗೆ ಕೂರುವುದಿಲ್ಲ. ನಾಳೆ ಎಲೆ ಊದುವ ಬ್ಲೋವರ್, ಅಂಚು ಕತ್ತರಿಸುವ ಟ್ರಿಮ್ಮರ್, ಹಿಮ ತಳ್ಳುವ ಯಂತ್ರ ಎಲ್ಲ ಬೇಕಾಗುತ್ತವೆ. ಅವೆಲ್ಲ ಒಂದೇ ಮನೆತನದವಾದರೆ ಎರಡು ಬ್ಯಾಟರಿಯಲ್ಲಿ ಸಂಸಾರ ನಡೆಯುತ್ತದೆ. ಬರೀ ಬ್ಯಾಟರಿ ಬಿಡಿಯಾಗಿ ಕೊಳ್ಳಲು ಹೋದರೆ ಇನ್ನೂರು ಡಾಲರಿನ ಮೇಲೆಯೇ. ಆದ್ದರಿಂದ ಬ್ಯಾಟರಿಯೂ ಚಾರ್ಜರೂ ಸೇರಿರುವ ಸೆಟ್ಟನ್ನೇ ತೆಗೆದುಕೋ. ‘ಟೂಲ್ ಓನ್ಲಿ’ ಎಂದು ಬರೆದಿದ್ದರೆ ಬೆಲೆ ನೋಡಿ ಹಿಗ್ಗಬೇಡ. ಮಷೀನಿಗೆ ಎಷ್ಟು ವರ್ಷ, ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ ಎಂದು ಬೇರೆಬೇರೆಯಾಗಿ ಕೇಳು. ಬ್ಯಾಟರಿಗೆ ಕಡಿಮೆ ಇರುತ್ತದೆ. ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ವೈರಿನದ್ದೂ ಸಿಗುತ್ತದೆ, ಅಗ್ಗ. ನಾಲ್ಕು ಹೆಜ್ಜೆಯ ಅಂಗಳವಿರುವ ಟೌನ್‌ಹೌಸಿಗೆ ಸಾಕು. ನಿನ್ನ ಮನೆಯ ಸೇಬಿನ ಮರ ಮೂರು ಸುತ್ತು ಹಾಕುವಷ್ಟರಲ್ಲಿ ವೈರು ನೀನೇ ಕತ್ತರಿಸಿಕೊಳ್ಳುತ್ತೀಯ.

ಯಾರಿಗೆ ಪೆಟ್ರೋಲೇ ಸರಿ? ಇಪ್ಪತ್ತು ಗುಂಟೆ, ಎಂದರೆ ಅರ್ಧ ಎಕರೆ, ದಾಟಿದವರಿಗೆ. ಎರಡು ಮೂರು ವಾರ ಊರಿನಲ್ಲಿರದೆ ಬಂದು ಮೊಣಕಾಲೆತ್ತರದ ಹುಲ್ಲನ್ನು ಒಂದೇ ಸಲಕ್ಕೆ ಹೊಡೆಯುವವರಿಗೆ. ದಿನಕ್ಕೆ ಆರೇಳು ಮನೆಯ ಅಂಗಳ ಹೊಡೆದು ಹೊಟ್ಟೆ ಹೊರೆಯುವವರಿಗೂ ಕ್ಯಾನಿನಿಂದ ಸುರಿದು ಮತ್ತೆ ಶುರು ಮಾಡುವ ಅನುಕೂಲ ಬೇಕು. ನೀನು ಈ ಮೂರರಲ್ಲಿ ಯಾರೂ ಅಲ್ಲ. ನನ್ನ ತೀರ್ಪು ಬ್ಯಾಟರಿಗೇ.

ತಂದ ಮೇಲೆ ಬ್ಯಾಟರಿಯನ್ನು ಗ್ಯಾರೇಜಿನ ಚಳಿಯಲ್ಲಿ ಬಿಡಬೇಡ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಚಳಿಗಾಲಕ್ಕೆ ಅರ್ಧ ಚಾರ್ಜಿನಲ್ಲಿ ಮನೆಯೊಳಗೆ ಇಡು. ನನ್ನದು ಬೇಸ್‌ಮೆಂಟಿನ ಕಪಾಟಿನಲ್ಲಿ, ಊರಿನಿಂದ ತಂದ ಹುಣಸೆಹಣ್ಣಿನ ಡಬ್ಬಿಯ ಪಕ್ಕ ಮಲಗಿರುತ್ತದೆ.

ಬ್ಲೇಡಿನ ಮಾತು ಪೆಟ್ರೋಲ್, ಬ್ಯಾಟರಿ ಎರಡಕ್ಕೂ ಒಂದೇ. ಮೊಂಡು ಈಳಿಗೆಯಲ್ಲಿ ಬದನೆಕಾಯಿ ಹೆಚ್ಚಿದರೆ ಜಜ್ಜಿಹೋಗುತ್ತದಲ್ಲ, ಹಾಗೆ ಮೊಂಡು ಬ್ಲೇಡು ಹುಲ್ಲನ್ನು ಹರಿಯುತ್ತದೆ. ಎರಡು ದಿನಕ್ಕೆ ತುದಿ ಬೆಳ್ಳಗೆ ಒಣಗಿ ಅಂಗಳವೆಲ್ಲ ರೋಗ ಬಂದಂತೆ ಕಾಣುತ್ತದೆ. ಅದರ ಮೇಲೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಅರದಿಂದ ಉಜ್ಜು. ಕೈ ಹಾಕುವ ಮೊದಲು ಬ್ಯಾಟರಿ ಕಳಚು. ಪೆಟ್ರೋಲಿನದ್ದಾದರೆ ಪ್ಲಗ್ಗಿನ ವೈರು ಕೀಳು. ಹಿಡಿ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕೆಂದು ಇಲ್ಲಿ 1982ರಿಂದ ಕಾನೂನಿದೆ. ಆ ಹಿಡಿಗೆ ದಾರ ಕಟ್ಟಿ ಓಡಿಸುವ ಬುದ್ಧಿವಂತರನ್ನು ನಾನು ನೋಡಿದ್ದೇನೆ. ನೀನು ಅವರಲ್ಲೊಬ್ಬನಾಗಬೇಡ. ಹವಾಯಿ ಚಪ್ಪಲಿಯಲ್ಲಂತೂ ಹುಲ್ಲು ಹೊಡೆಯಲೇ ಬೇಡ.

ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಬೀದಿಗಿಡುವ ಮಷೀನಿಗಿಂತ, ಪುಡಿ ಮಾಡಿ ಅಲ್ಲೇ ಉದುರಿಸುವುದು ನೋಡು. ನೆಲಕ್ಕೆ ಅದೇ ಗೊಬ್ಬರ. ನಿನ್ನ ಅಜ್ಜಿ ಇಲ್ಲಿಗೆ ಬಂದಿದ್ದಾಗ ರಸ್ತೆಯುದ್ದಕ್ಕೂ ಸಾಲಾಗಿ ಇಟ್ಟ ಹುಲ್ಲಿನ ಚೀಲಗಳನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಬೆಳಿಗ್ಗೆ ಎದ್ದು ಗುಡ್ಡದಿಂದ ಹುಲ್ಲಿನ ಹೊರೆ ತಲೆಯ ಮೇಲೆ ಹೊತ್ತು ತಂದವಳು. ಕೊನೆಗೆ, ‘ಎರಡು ದನ ಕಟ್ಟಿದ್ದರೆ ಮಷೀನೂ ಬೇಡ, ಚೀಲವೂ ಬೇಡ’ ಎಂದಳು. ಅದಕ್ಕೆ ಟೌನ್‌ಶಿಪ್ ಒಪ್ಪುವುದಿಲ್ಲ ಎಂದು ನಿನ್ನ ದೊಡ್ಡಪ್ಪ ಗಂಭೀರವಾಗಿ ವಿವರಿಸಿದರು.

ಈ ಶನಿವಾರ ಅಂಗಡಿಗೆ ಓಡಬೇಡ. ಟೇಪು ಹಿಡಿದು ಬರೀ ಹುಲ್ಲಿರುವ ಜಾಗ ಅಳೆ, ಎಷ್ಟು ಗುಂಟೆ ಎಂದು ನನಗೆ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಬೇಡ, ಆಗ ನಾನು ನಿನ್ನ ಅಮ್ಮನ ಜೊತೆ ಮಾತಾಡುತ್ತಿರುತ್ತೇನೆ.