ಬೆರಳಚ್ಚು ಹೊತ್ತ ಕಡತಗಳು

ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯ ನೇಮಿನಾಥ ಬಸದಿಗೆ ಸಂಬಂಧಿಸಿದ ಹನ್ನೆರಡನೆಯ ಶತಮಾನದ ಶಿಲಾಶಾಸನವೊಂದುಂಟು. ಅದನ್ನು ಓದಬಯಸುವವನು ಕಲ್ಲಿನ ಬಳಿಗೇ ಹೋಗಬೇಕು. ಇಲ್ಲವೆ ಅದರ ಪಡಿಯಚ್ಚನ್ನು ನೋಡಬೇಕು. ಕಲ್ಲಿನ ಬರೆಹವನ್ನು ಯಾರೂ ತಿದ್ದುತ್ತಿಲ್ಲವಾದುದರಿಂದ ಪಡಿಯಚ್ಚು ಎಷ್ಟು ಹಳೆಯದಾದರೂ ಬಾಧಕವಿಲ್ಲ. ಜಾಲಪುಟದ ಸಂಗತಿ ಹಾಗಲ್ಲ. ಅದರ ಪಡಿಯಚ್ಚುಗಳು ಓದುಗರ ಮನೆಮನೆಗಳಲ್ಲಿರುತ್ತವೆ. ಮೂಲವಾದರೋ ಆಗಾಗ ಬದಲಾಗುತ್ತಿರುತ್ತದೆ.

ಜಾಲಪುಟವು ಒಂದೇ ವಸ್ತುವಿನಂತೆ ತೋರಿದರೂ ವಾಸ್ತವವಾಗಿ ಹಲವು ಕಡತಗಳ ಕೂಟ. ಬರೆಹ ಒಂದು ಕಡತ, ಅಕ್ಷರದ ಗಾತ್ರ, ಬಣ್ಣ, ಅಂತರಗಳನ್ನು ವಿಧಿಸುವ ಶೈಲಿಪತ್ರ ಇನ್ನೊಂದು, ಗುಂಡಿಯನ್ನು ಒತ್ತಿದಾಗ ನಡೆಯಬೇಕಾದ ಕ್ರಿಯೆಯನ್ನು ತಿಳಿಸುವ ಸ್ಕ್ರಿಪ್ಟ್ ಮತ್ತೊಂದು, ಚಿತ್ರಗಳು ಬೇರೆ. ಪ್ರತಿಸಲವೂ ಇವೆಲ್ಲವನ್ನೂ ದೂರದ ಸರ್ವರಿನಿಂದ ತರಿಸುವುದು ವಿಳಂಬಕ್ಕೂ ವೆಚ್ಚಕ್ಕೂ ಕಾರಣ. ಆದುದರಿಂದ ಬ್ರೌಸರು ಒಮ್ಮೆ ತಂದುದನ್ನು ಸಂಗ್ರಹಿಸಿಟ್ಟುಕೊಂಡು, ಅದೇ ಹೆಸರಿನ ಕಡತ ಪುನಃ ಬೇಕಾದಾಗ ಸಂಗ್ರಹದಿಂದಲೇ ಎತ್ತಿಕೊಳ್ಳುತ್ತದೆ.

ತೊಡಕು ಇಲ್ಲಿಯೇ ಹುಟ್ಟುವುದು. ಏಕಸಂಬಿಯ ರೈತನೊಬ್ಬನು ಕಬ್ಬಿನ ನೋಂದಣಿಗಾಗಿ ಒಂದು ಪುಟವನ್ನು ಫೋನಿನಲ್ಲಿ ತೆರೆದನೆಂದು ಭಾವಿಸೋಣ. ಹಿಂದಿನ ದಿನವಷ್ಟೇ ಅದಕ್ಕೆ ಸರ್ವೆ ನಂಬರಿನ ಅಂಕಣವೊಂದು ಸೇರಿದೆ, ಸ್ಕ್ರಿಪ್ಟನ್ನೂ ತಿದ್ದಲಾಗಿದೆ. ಆದರೆ ಹೆಸರು ಹಳೆಯದೇ ಆದುದರಿಂದ ಫೋನು ಹಳೆಯ ಸ್ಕ್ರಿಪ್ಟನ್ನೇ ನಡೆಸುತ್ತದೆ. ರೈತನು ಬರೆದ ಸರ್ವೆ ನಂಬರು ಸರ್ವರನ್ನು ತಲುಪುವುದೇ ಇಲ್ಲ. ತಪ್ಪು ಅವನದಲ್ಲ. ಪುಟವನ್ನು ಸಿದ್ಧಪಡಿಸಿದವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಅವರಿಗೂ ಅದು ಹೊಳೆಯದು.

ಜಾಲ ಅನ್ವಯಗಳನ್ನು ಕಟ್ಟಲು ಬಳಸುವ ರೈಲ್ಸ್ ಎಂಬ ಚೌಕಟ್ಟಿನಲ್ಲಿ ಮೊದಲಿಗೆ, ಕಡತವನ್ನು ತಿದ್ದಿದ ಕಾಲವನ್ನು ಅದರ ವಿಳಾಸದ ಕೊನೆಗೆ ಅಂಟಿಸುತ್ತಿದ್ದರು. ಅದು ಅರೆಬರೆಯ ಉಪಾಯ. ಒಂದೇ ಕಡತವನ್ನು ಎರಡು ಸರ್ವರುಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಇಟ್ಟರೆ ವಿಳಾಸಗಳೂ ಬೇರೆಯಾಗುತ್ತಿದ್ದವು. 2011ರಲ್ಲಿ ಬಂದ ರೈಲ್ಸ್ 3.1ರೊಡನೆ ಸ್ಪ್ರಾಕೆಟ್ಸ್ ಎಂಬ ಸಾಧನವು ಕಾಲವನ್ನು ಬಿಟ್ಟು ಒಡಲನ್ನೇ ಆಧಾರವಾಗಿ ಹಿಡಿಯಿತು. ಕಡತದಲ್ಲಿರುವ ಎಲ್ಲವನ್ನೂ ಒಂದು ಗಣಿತಸೂತ್ರಕ್ಕೆ ಒಳಪಡಿಸಿದಾಗ ಅಂಕಿ ಅಕ್ಷರಗಳ ಉದ್ದನೆಯ ಸಾಲೊಂದು ದೊರೆಯುತ್ತದೆ; ಇದೇ ಕಡತದ ಬೆರಳಚ್ಚು. ಅದನ್ನು ಹೆಸರಿನಲ್ಲಿಯೇ ಸೇರಿಸುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಏನೂ ಬದಲಾಗದಿದ್ದರೆ ಎಲ್ಲ ಸರ್ವರುಗಳಲ್ಲಿಯೂ ಅದೇ. ಇನ್ನು ಬರೆಹದ ಪುಟವೊಂದನ್ನು ಮಾತ್ರ ಹೊಸದಾಗಿ ತರಿಸಿಕೊಂಡರೆ ಸಾಕು. ಮಿಕ್ಕ ಕಡತಗಳನ್ನು ವರ್ಷವಿಡೀ ಇಟ್ಟುಕೊಳ್ಳೆಂದು ಬ್ರೌಸರಿಗೆ ಧೈರ್ಯವಾಗಿ ಹೇಳಬಹುದು.

ಇದರಿಂದ ಸ್ವಾರಸ್ಯವಾದ ಪರಿಣಾಮವೊಂದು ಉಂಟಾಗುತ್ತದೆ. ಶೈಲಿಪತ್ರದೊಳಗೆ ಚಿತ್ರವೊಂದರ ಹೆಸರು ಇದ್ದರೆ, ಚಿತ್ರವನ್ನು ತಿದ್ದಿದೊಡನೆ ಅದರ ಹೆಸರು ಬದಲಾಗುತ್ತದೆ. ಆ ಹೆಸರನ್ನು ಒಳಗೊಂಡ ಶೈಲಿಪತ್ರದ ಒಡಲು ಬದಲಾಗುತ್ತದೆ. ಆದಕಾರಣ ಶೈಲಿಪತ್ರಕ್ಕೂ ಹೊಸ ಹೆಸರು ಬರುತ್ತದೆ. ಈ ಸರಪಳಿಯನ್ನು ಕೈಯಿಂದ ನಿರ್ವಹಿಸುವುದು ಮನುಷ್ಯಮಾತ್ರರಿಗೆ ಆಗುವ ಕೆಲಸವಲ್ಲ.

ಹಲವು ಕಡತಗಳನ್ನು ಒಂದಾಗಿ ಹೊಲಿಯುವ ಕೆಲಸವನ್ನೂ ಸ್ಪ್ರಾಕೆಟ್ಸ್ ಮಾಡುತ್ತಿತ್ತು. ಒಂದೇ ಸಂಪರ್ಕದಲ್ಲಿ ಅನೇಕ ಕಡತಗಳನ್ನು ಒಟ್ಟಿಗೆ ಸಾಗಿಸುವ ಎಚ್‌ಟಿಟಿಪಿ 2 ಎಂಬ ನಿಯಮಾವಳಿ 2015ರಲ್ಲಿ ಬಂದ ಮೇಲೆ ಅದರ ಅಗತ್ಯ ಕುಗ್ಗಿತು. 2024ರ ರೈಲ್ಸ್ 8ರಲ್ಲಿ ಸ್ಪ್ರಾಕೆಟ್ಸಿನ ಸ್ಥಾನಕ್ಕೆ ಬಂದ ಪ್ರಾಪ್‌ಶಾಫ್ಟ್ ಹೊಲಿಗೆಯನ್ನು ಕೈಬಿಟ್ಟಿತು, ಬೆರಳಚ್ಚನ್ನು ಬಿಡಲಿಲ್ಲ.

ಹೊಸ ಕಡತಗಳನ್ನು ಇರಿಸಿದ ಕೂಡಲೇ ಹಳೆಯವನ್ನು ಅಳಿಸುವುದೂ ಸಲ್ಲದು. ಬೆಳಿಗ್ಗೆ ಪುಟವನ್ನು ತೆರೆದು, ಮಧ್ಯಾಹ್ನ ಗದ್ದೆಯಿಂದ ಮರಳಿ ಅದನ್ನು ಮುಂದುವರಿಸುವ ರೈತನ ಪುಟವು ಬೆಳಗಿನ ಹೆಸರುಗಳನ್ನೇ ಹಿಡಿದು ಸರ್ವರನ್ನು ಕೇಳುತ್ತದೆ.