ಗೋಕಾಕ ಫಾಲ್ಸ್‌ನಿಂದ ಜಾಫ್ನಾಕ್ಕೆ: ರೈಲು, ಬಸ್ಸು, ಹಡಗು

ಘಟಪ್ರಭೆ ಧುಮ್ಮಿಕ್ಕುವುದನ್ನು ತೂಗುಸೇತುವೆಯ ಮೇಲೆ ನಿಂತು ನೋಡಲು ಜುಲೈ, ಆಗಸ್ಟ್ ಬೇಕು. ಮಳೆ ನಿಂತಿತು, ದೀಪಾವಳಿ ರಜೆಯೂ ಬಂತು, ಸಮುದ್ರ ದಾಟಿ ಶ್ರೀಲಂಕಾ ನೋಡಿ ಬರೋಣ ಎಂದು ಆಮೇಲೆ ಹೊರಟರೆ ಮಾತ್ರ ಕೆಲಸ ಕೆಡುತ್ತದೆ. ನಮ್ಮಲ್ಲಿ ಮುಂಗಾರು ಮುಗಿಯುವ ಹೊತ್ತಿಗೆ ತಮಿಳುನಾಡಿನ ಕರಾವಳಿಯಲ್ಲಿ ಹಿಂಗಾರು ಜೋರಾಗುತ್ತದೆ. ಅಲ್ಲಿನ ನಾಗಪಟ್ಟಣಂನಿಂದ ಶ್ರೀಲಂಕಾದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಹೋಗುವ ಪ್ರಯಾಣಿಕರ ಹಡಗು 2023ರ ಅಕ್ಟೋಬರ್ 14ರಂದು ಶುರುವಾಗಿ, ಹವಾಮಾನ ಕೆಟ್ಟು ಕೆಲವೇ ದಿನಗಳಲ್ಲಿ ನಿಂತಿತು. 2024ರ ಆಗಸ್ಟ್ 16ರಂದು ‘ಶಿವಗಂಗೈ’ ಹಡಗಿನೊಂದಿಗೆ ಮತ್ತೆ ಆರಂಭವಾಯಿತು. ವರ್ಷದ ಕೊನೆಗೆ ನಿಂತದ್ದು 2025ರ ಫೆಬ್ರವರಿಯಲ್ಲಿ ಪುನಃ ಹೊರಟಿತು. ಆದ್ದರಿಂದ ಮಾರ್ಚ್, ಏಪ್ರಿಲ್ ಇಟ್ಟುಕೊಳ್ಳಿ. ಏಪ್ರಿಲ್ ಹೊತ್ತಿಗೆ ಮಕ್ಕಳ ಪರೀಕ್ಷೆಯೂ ಮುಗಿದಿರುತ್ತದೆ.

ಮೊದಲು ಪಾಸ್‌ಪೋರ್ಟ್. ಬೆಳಗಾವಿಯ ಅಂಚೆ ಕಚೇರಿ ಸೇವಾ ಕೇಂದ್ರ ಅಥವಾ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ಕಾದಿರಿಸಬಹುದು. ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಹಳೆಯದಿದ್ದರೆ, ಶ್ರೀಲಂಕಾದಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿ. ಶ್ರೀಲಂಕಾದ ಪ್ರವೇಶ ಅನುಮತಿಯಾದ ಇ.ಟಿ.ಎ.ಗೆ ಅವರ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಹಡಗಿನ ಟಿಕೆಟ್‌ನಲ್ಲಿ ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಕಡೆ ಸಾಮಾನ್ಯ. ಇದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬೇಕು. ಹಡಗು ವಾರದ ಯಾವ ದಿನ ಹೊರಡುತ್ತದೆ ಎಂಬುದನ್ನು ನೋಡಿದ ಮೇಲೆಯೇ ರೈಲು ಕಾದಿರಿಸಿ. ಹಲವರು ಇದನ್ನು ತಿರುವುಮುರುವು ಮಾಡುತ್ತಾರೆ.

ಇನ್ನು ದಾರಿ. ಮೂಡಲಗಿ, ಹುಕ್ಕೇರಿಯವರಿಗೂ ಘಟಪ್ರಭಾ ನಿಲ್ದಾಣವೇ ಅನುಕೂಲ. ಬುಧವಾರ ಹಡಗು ಎಂದಿಟ್ಟುಕೊಳ್ಳಿ. ಭಾನುವಾರ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ಅಂದು ಸಂಜೆ, ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತಂಜಾವೂರು, ಕುಂಭಕೋಣಂ, ಮೈಲಾಡುತುರೈ ಕಡೆ ಹೋಗುವ ರಾತ್ರಿ ರೈಲು ಹಿಡಿಯಿರಿ. ಮಂಗಳವಾರ ಬೆಳಗ್ಗೆ ಇಳಿದು ಬಸ್ಸಿನಲ್ಲಿ ನಾಗಪಟ್ಟಣಂ ಸೇರಿ, ರಾತ್ರಿ ಅಲ್ಲೇ ತಂಗಬೇಕು. ಒಂದು ದಿನ ಉಳಿಸಲು ಹೋಗಿ ರೈಲಿಳಿದವರೇ ಬಂದರಿಗೆ ಓಡುವುದು ಬೇಡವೇ ಬೇಡ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಬಿಡುವಿದ್ದರೆ ನಾಗೂರಿನ ದರ್ಗಾ, ವೇಲಾಂಕಣ್ಣಿಯ ಮಾತೆಯ ದೇಗುಲ ಎರಡೂ ಸಮೀಪದಲ್ಲಿವೆ.

ಹಡಗಿನ ದಿನ ನಸುಕಿನಲ್ಲೇ ಎದ್ದು ಬಂದರು ಸೇರಿ. ವಲಸೆ ವಿಭಾಗ, ಕಸ್ಟಮ್ಸ್, ಸಾಮಾನಿನ ತಪಾಸಣೆ ಎಲ್ಲ ವಿಮಾನ ನಿಲ್ದಾಣದಂತೆಯೇ. ಸಾಮಾನಿನ ತೂಕಕ್ಕೆ ಮಿತಿಯಿದೆ, ಟಿಕೆಟ್ ಓದಿಕೊಳ್ಳಿ. ಭಾರತದ ನೋಟು ತಲೆಗೆ 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ. ದಾರಿಯ ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದಿಲ್ಲ, ಆದರೆ ಅದನ್ನು ನಾಗಪಟ್ಟಣಂನಲ್ಲೇ ಮುಗಿಸಿ. ಆಚೆಯವರಿಗೆ ಕೊಡಲು ಗೋಕಾಕದ ಕರದಂಟು ಒಯ್ಯುವುದಾದರೆ ಅಂಗಡಿಯ ಮುಚ್ಚಿದ ಡಬ್ಬಿಯಲ್ಲೇ ಇರಲಿ, ಕೇಳಿದರೆ ತೆಗೆದು ತೋರಿಸಿ. ಬೀಜ, ಸಸಿ, ಹಸಿ ಹಣ್ಣು ಬೇಡ.

ಸಮುದ್ರದ ಮೇಲೆ ಸುಮಾರು ನಾಲ್ಕು ತಾಸು. ನದಿ, ಹೊಳೆ ಕಂಡ ನಮಗೆ ಕಡಲಿನ ಓಲಾಟ ಹೊಸದು. ಖಾಲಿ ಹೊಟ್ಟೆಯಲ್ಲೂ ಹೋಗಬಾರದು, ಹೊಟ್ಟೆ ತುಂಬ ಉಂಡೂ ಹೋಗಬಾರದು. ಎರಡು ಇಡ್ಲಿ ಸಾಕು. ವಾಂತಿಯಾಗದಂತೆ ತಡೆಯುವ ಮಾತ್ರೆಯನ್ನು ಊರಿನ ವೈದ್ಯರಲ್ಲಿ ಕೇಳಿ ತಂದು, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ. ಓಲಾಟ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದು ಕಷ್ಟ. ಹಡಗಿನ ನಡುಭಾಗದಲ್ಲಿ ಕುಳಿತು, ಮೊಬೈಲ್ ಬದಿಗಿಟ್ಟು, ದೂರದ ದಿಗಂತ ನೋಡುತ್ತಿರಿ. ವಯಸ್ಸಾದ ತಾಯಿ ತಂದೆ ಜೊತೆಗಿದ್ದರೆ ಅವರ ಪಕ್ಕದಲ್ಲೇ ಕೂರಿ.

ಕಾಂಕೇಸಂತುರೈಯಲ್ಲಿ ಗಡಿಯಾರ ತಿರುಗಿಸಬೇಕಿಲ್ಲ, ಎರಡೂ ದೇಶದ ಸಮಯ ಒಂದೇ. ಅಲ್ಲಿನ ಮಾತು ತಮಿಳು. ಜಾಫ್ನಾ ಪಟ್ಟಣ ಇಪ್ಪತ್ತು ಕಿಲೋಮೀಟರ್‌ಗೂ ಒಳಗೆ. ಬಸ್ಸು, ಆಟೊ ಉಂಟು. ಮರುದಿನ ನಲ್ಲೂರು ಕಂದಸ್ವಾಮಿ ಕೋವಿಲ್‌ಗೆ ಹೋಗುವ ಗಂಡಸರು ಬಾಗಿಲಲ್ಲೇ ಅಂಗಿ ತೆಗೆಯಬೇಕು.